ಮೊದಲ ಪ್ರಶ್ನೆ ಯಾರಿಗೆ?

ಅಂಗವೈಕಲ್ಯವುಳ್ಳವರಿಗೆ ನೆರವು ಒದಗಿಸುವ ಕಾರ್ಯದಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಅನೇಕರು ಇಂದು ತೊಡಗಿರುವರು. ಕೆಲವರು ದವಾಖಾನೆಗಳಲ್ಲಿ ದಾದಿಯರಾಗಿರುವರು. ಕೆಲವರು ಅಂಗನವಾಡಿಗಳನ್ನು ನಡೆಸುತ್ತಿರುವರು. ಸಮಾಜಕಾರ್ಯವನ್ನು ಅಭ್ಯಸಿಸಿ ಸೇವಾಸಂಸ್ಥೆಗಳನ್ನು ಸೇರಿದವರೂ, ಕಚೇರಿಗಳಲ್ಲಿ ಅರ್ಜಿ ಬರೆದುಕೊಳ್ಳುವ ಮೇಜಿನ ಹಿಂದೆ ಕುಳಿತವರೂ ಉಂಟು. ನಮ್ಮ ಪಾಲಕರಲ್ಲಿಯಾದರೋ ಅದೇ ಮೇಜಿನ ಈಚೆಗೆ, ಮಗುವನ್ನು ಮಗ್ಗುಲಲ್ಲಿ ಕೂಡ್ರಿಸಿಕೊಂಡು, ಕರೆ ಬರುವದನ್ನು ಕಾಯುತ್ತ ಅರ್ಧ ದಿನ ಕಳೆದವರಿದ್ದಾರೆ. ಈ ಉಭಯ ಪಕ್ಷದವರಿಗೂ ಸಂಬಂಧಪಟ್ಟ ಒಂದು ಸಂಗತಿಯನ್ನು ಈ ಸ್ಮರಣ ಸಂಚಿಕೆಯಲ್ಲಿ ಚರ್ಚಿಸಬೇಕೆಂದು ನಾವು ಬಯಸುತ್ತೇವೆ. ಅದು ಮೊದಲ ಭೇಟಿಯ ವಿಷಯ. ಸಹಾಯವನ್ನು ಬಯಸಿ ಬಂದವರೊಡನೆ ಸಹಾಯ ಕೊಡುವವರು ಆಡುವ ಮೊದಲನೆಯ ಅರ್ಧ ತಾಸಿನ ಮಾತು. ಆ ಅರ್ಧ ತಾಸಿನಲ್ಲಿ ಕೆಟ್ಟದ್ದನ್ನು ಮುಂದಿನ ಅರ್ಧ ವರುಷದಲ್ಲಿ ಸರಿಪಡಿಸುವದು ಕಠಿಣವೆಂಬುದು ನಮ್ಮ ಅಭಿಪ್ರಾಯ.

ಒಂದು ಕಚೇರಿಯ ಪಡಸಾಲೆಯಲ್ಲಿ ನಾವು ಕಣ್ಣಾರೆ ಕಂಡದ್ದನ್ನು ಹೇಳುವೆವು. ಎರಡೂ ಕಂಕುಳಿಗೆ ಊರುಗೋಲು ಕೊಟ್ಟುಕೊಂಡು ನಡೆಯುವ ತರುಣಿಯೊಬ್ಬರು ತಮ್ಮ ಅಣ್ಣನೊಡನೆ ಬಂದಿದ್ದರು. ಪಾಳಿ ಬಂದಾಗ ಮೇಜಿನ ಹಿಂದಿನವರು ಅಣ್ಣನ ಮುಖವನ್ನು ನೋಡಿ, "ಏನಾಗೇತ್ರಿ ಈಕಿಗೆ?" ಎಂದು ಕೇಳಿದರು. "ಎಷ್ಟು ವರ್ಷದಿಂದ ಹಿಂಗ ಅದಾಳ?" "ಮನ್ಯಾಗ ಏನರ ಕೆಲಸಾ ಬೊಗಸಿ ಮಾಡ್ತಾಳೇನು?" ಎಲ್ಲ ಪ್ರಶ್ನೆಗಳೂ ಅಣ್ಣನಿಗೆ, ಎಲ್ಲ ಉತ್ತರಗಳೂ ಅಣ್ಣನವೇ. ಕೊನೆಗೆ ಮೂರುಗಾಲಿ ಸಾಯಿಕಲ್ಲಿಗೆ ಅರ್ಜಿ ಬರೆದಾಯಿತು. ತರುಣಿಯ ಹೆಬ್ಬೆರಳನ್ನು ಹಿಡಿದು ಒತ್ತಿಸಿಕೊಂಡದ್ದೂ ಆಯಿತು. ಆಕೆ ಸಹಿ ಮಾಡಬಲ್ಲವರೆಂಬುದನ್ನು ಯಾರೂ ವಿಚಾರಿಸಲಿಲ್ಲ. ಹೊರಗೆ ಬಂದ ಮೇಲೆ ಆಕೆ ನಮ್ಮೊಡನೆ ಆಡಿದ ಮಾತು ಇಷ್ಟು: "ನಮ್ಮ ಓಣಿ ಏರು ಅದರಿ, ಮೂರು ಪಾವಟಿಗಿ ಹತ್ತಿ ಒಳಗ ಹೋಗಬೇಕು. ಆ ಗಾಡಿ ಎಲ್ಲಿಡೂದ್ರಿ? ನನಗ ಬೇಕಾಗಿದ್ದು ಬಸ್ಸಿನ ಪಾಸು. ಹೊಲಿಗಿ ಕೆಲಸಕ್ಕ ದಿನಾ ಪ್ಯಾಟಿಗೆ ಹೋಗಬೇಕಲ್ರಿ."

ಮೇಜಿನ ಹಿಂದಿನವರು ದುಷ್ಟರಾಗಿರಲಿಲ್ಲ. ಬಿಸಿಲಿನಲ್ಲಿ ಬಂದವರಿಗೆ ನೀರು ತರಿಸಿಕೊಟ್ಟರು. ಅರ್ಜಿಯನ್ನೂ ತಾವೇ ಬರೆದರು. ಆದರೂ ಆ ತರುಣಿ ಆ ಕೋಣೆಯಲ್ಲಿ ಇದ್ದೂ ಇಲ್ಲದವರಂತೆ ಕುಳಿತು ಬಂದರು. ಇದಕ್ಕೆ ಕಾರಣವಾದದ್ದು ಒಂದೇ ಒಂದು ಶಬ್ದ, "ಈಕಿಗೆ" ಎಂಬುದು. ನಮ್ಮ ಭಾಷೆಯಲ್ಲಿ ಸರ್ವನಾಮಗಳ ಬಲವು ಬಹು ದೊಡ್ಡದು. ಎದುರಿಗೆ ಕುಳಿತವರನ್ನು "ಈಕೆ", "ಇವನು" ಎಂದು ಮೂರನೆಯವರಿಗೆ ತೋರಿಸಿ ಮಾತನಾಡುವದನ್ನು ನಾವು ಹಸುಗೂಸಿನ ವಿಷಯದಲ್ಲಿ ಮಾಡುತ್ತೇವೆ, ಪ್ರಜ್ಞೆ ತಪ್ಪಿದ ರೋಗಿಯ ವಿಷಯದಲ್ಲಿ ಮಾಡುತ್ತೇವೆ, ಹೆಣ್ಣು ನೋಡಲು ಹೋದ ಮನೆಯಲ್ಲಿ ಮಾಡುತ್ತೇವೆ. ಅಂಗವೈಕಲ್ಯವುಳ್ಳವರಿಗಾದರೋ ಇದು ಜನ್ಮವಿಡೀ ನಡೆಯುವದು. ಇನ್ನು ಅವರನ್ನೇ ಉದ್ದೇಶಿಸಿ ಮಾತನಾಡುವಾಗಲೂ ನಲವತ್ತು ವರುಷದವರಿಗೆ "ನೀನು" ಎನ್ನುವ ರೂಢಿಯುಂಟು. ಜೊತೆಗೆ ಬಂದ ಇಪ್ಪತ್ತು ವರುಷದ ತಮ್ಮನಿಗೆ "ನೀವು"! ಸಬಲೀಕರಣವೆಂಬ ಶಬ್ದವು ಈಗ ಎಲ್ಲ ಕಡೆಗೂ ಕೇಳಿಬರುತ್ತದೆ. ಬಲವನ್ನು ಯಾರೂ ಮೇಜಿನ ಮೇಲಿಂದ ತೆಗೆದು ಯಾರಿಗೂ ಕೊಡಲಾರರೆಂದು ನಾವು ತಿಳಿಯುತ್ತೇವೆ. ಬಂದವರಲ್ಲಿ ಇದ್ದ ಬಲವನ್ನು ಮೊದಲ ಭೇಟಿಯಲ್ಲಿ ಕಸಿದುಕೊಳ್ಳದಿದ್ದರೆ ಸಾಕು. ಅದರ ಮೊದಲ ಹೆಜ್ಜೆ, ಅವರ ಮುಖವನ್ನು ನೋಡಿ, ಅವರಿಗೆ "ನೀವು" ಎಂದು, ಮೊದಲ ಪ್ರಶ್ನೆಯನ್ನು ಅವರಿಗೇ ಕೇಳುವದು.

ಹೆಸರಿನ ವಿಷಯವಾಗಿಯೂ ಎರಡು ಮಾತು. ಕುಂಟ, ಕುರುಡ, ಮೂಕ ಎಂಬ ಶಬ್ದಗಳನ್ನು ಕಚೇರಿಗಳು ಬಿಟ್ಟುಕೊಟ್ಟಿರುವದು ಒಳ್ಳೆಯದೇ. ಅವುಗಳ ಬದಲಿಗೆ ಬಂದವುಗಳಲ್ಲಿ "ವಿಕಲಚೇತನ" ಎಂಬುದನ್ನು ಸರಕಾರವೇ ಸ್ವೀಕರಿಸಿದೆ. ಇಲಾಖೆಯ ಹೆಸರಿನಲ್ಲಿಯೂ ಅದೇ ಇದೆ. ಆದರೆ ಆ ಸಮಾಸವನ್ನು ಬಿಡಿಸಿ ನೋಡಿದ ಕನ್ನಡ ಶಿಕ್ಷಕಿಯರಿಗೆ ಅದು ಅಷ್ಟು ಹಿತವಾಗಲಾರದು. ಕಾಲಿಗೆ ಊನವಾದರೆ ಚೇತನಕ್ಕೆ ಊನವೇಕೆ? 2015ರಿಂದೀಚೆಗೆ "ದಿವ್ಯಾಂಗ" ಎಂಬ ಶಬ್ದವೂ ಪ್ರಚಾರಕ್ಕೆ ಬಂದಿತು. ಅದನ್ನು ಮೆಚ್ಚಿದವರೂ ಇದ್ದಾರೆ, ತಮ್ಮಲ್ಲಿ ದಿವ್ಯವಾದದ್ದೇನೂ ಇಲ್ಲ, ಮಾಳಿಗೆಯ ಕಚೇರಿಗೆ ಇಳಿಜಾರು ದಾರಿಯೊಂದಿದ್ದರೆ ಸಾಕು ಎಂದವರೂ ಇದ್ದಾರೆ. ಈ ವ್ಯಾಕರಣದ ವಾದವನ್ನು ನಾವು ಇಲ್ಲಿ ತೀರಿಸಬೇಕಾದದ್ದಿಲ್ಲ. ಭೇಟಿಗೆ ಬಂದವರಿಗೆ ಹೆತ್ತವರು ಇಟ್ಟ ಹೆಸರೊಂದಿರುತ್ತದೆ. ಓಣಿಯ ಜನ ಕೊಟ್ಟ ಅಡ್ಡಹೆಸರನ್ನು ಬಿಟ್ಟು ಆ ಹೆಸರಿನಿಂದ ಕರೆದರೆ ತಕರಾರಿಲ್ಲ.

ಎರಡನೆಯ ಪ್ರಶ್ನೆಯಾಗಿ ಸಾಮಾನ್ಯವಾಗಿ ಬರುವದು ಕಾರಣದ ಪ್ರಶ್ನೆ. ಅದು ಹುಟ್ಟಿನಿಂದಲೋ, ಬಿದ್ದದ್ದೋ, ಜ್ವರ ಬಂದದ್ದೋ? ಮತ್ತು ತಾಯಿಯ ಕಡೆಗೆ ತಿರುಗಿ, ಸಂಬಂಧದಲ್ಲಿಯೇ ಮದುವೆಯಾದದ್ದೋ? ನಮ್ಮ ಭಾಗದಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವದು ಹಿಂದಿನಿಂದ ಬಂದ ರೂಢಿ. ರಕ್ತಸಂಬಂಧದ ಮದುವೆಯಿಂದ ಕೆಲವು ಬಗೆಯ ಹುಟ್ಟು ದೋಷಗಳ ಸಂಭವವು ಹೆಚ್ಚುವದು ನಿಜವೇ. ವೈದ್ಯರು ತಮ್ಮ ಕೋಣೆಯಲ್ಲಿ ಅದನ್ನು ವಿಚಾರಿಸುವದು ಯೋಗ್ಯವೇ. ಆದರೆ ಬಸ್ಸಿನ ಪಾಸಿಗೂ ಶ್ರವಣಯಂತ್ರಕ್ಕೂ ತಾಯಿಯ ಮದುವೆಗೂ ಏನು ಸಂಬಂಧ? ಪಡಸಾಲೆಯಲ್ಲಿ ಹತ್ತು ಜನರೆದುರಿಗೆ ಈ ಪ್ರಶ್ನೆ ಬಂದ ಕ್ಷಣದಲ್ಲಿ ಸಹಾಯ ಕೇಳಲು ಬಂದ ತಾಯಿಯು ಅಪರಾಧಿಯಾಗಿ ನಿಲ್ಲುವಳು. ಹದಿನೈದು ವರುಷದಿಂದ ಅತ್ತೆಯ ಬಾಯಲ್ಲಿ ಕೇಳಿದ್ದನ್ನೇ ಸರಕಾರದ ಬಾಯಲ್ಲಿಯೂ ಕೇಳಿದಂತಾಗುವದು. ಯೋಹಾನನ ಸುವಾರ್ತೆಯ ಒಂಭತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರ ಮೊದಲ ಪ್ರಶ್ನೆಯೂ ಪಾಪ ಯಾರದು, ಇವನದೋ ಇವನ ತಂದೆತಾಯಿಗಳದೋ ಎಂಬುದೇ ಆಗಿತ್ತೆಂದು ನಮ್ಮ ವಿದ್ಯಾರ್ಥಿನಿಯರು ಬಲ್ಲರು. ಆ ಪ್ರಶ್ನೆಗೆ ಅಲ್ಲಿ ದೊರೆತ ಉತ್ತರವನ್ನೂ ಬಲ್ಲರು.

ಬಂದವರನ್ನು ಬಿಟ್ಟು ಕರೆತಂದವರನ್ನು ಕೇಳುವ ಪದ್ಧತಿಯು ನಿನ್ನೆ ಮೊನ್ನೆಯದಲ್ಲ. ಅದಕ್ಕೆ ಕಾನೂನಿನ ಬಲವೂ ಬಹುಕಾಲ ಇದ್ದಿತು. ಧಾರವಾಡದಲ್ಲಿ ಮಾನಸಿಕ ರೋಗಿಗಳ ಆಸ್ಪತ್ರೆಯು 1845ರಲ್ಲಿ ಆರಂಭವಾದದ್ದು. ಇಂದು ಅದು ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆಯಾಗಿ ಬೆಳೆದು ನಿಂತಿದೆ. 1912ರ ಹುಚ್ಚರ ಕಾಯ್ದೆಯ ಮೇರೆಗೆ ಬಂಧುಗಳು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡುವದು, ವೈದ್ಯರಿಬ್ಬರು ಪ್ರಮಾಣಪತ್ರ ಬರೆಯುವದು, ಮ್ಯಾಜಿಸ್ಟ್ರೇಟರು ಆಜ್ಞೆ ಮಾಡುವದು, ಹೀಗೆ ದೇಶದಲ್ಲೆಲ್ಲ ನಡೆಯುತ್ತಿತ್ತು. ಮುಂದೆ ಆ ಕಾಯ್ದೆಯು ಹೋಗಿ 1987ರ ಕಾಯ್ದೆಯು ಅದರ ಸ್ಥಾನಕ್ಕೆ ಬಂದಿತು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯಾದರೋ, ತಾನು ಮುಂದೆ ಅಸ್ವಸ್ಥನಾದರೆ ಯಾವ ಚಿಕಿತ್ಸೆ ಬೇಕು, ಯಾವದು ಬೇಡ, ತನ್ನ ಪರವಾಗಿ ಯಾರು ಮಾತನಾಡಬೇಕು ಎಂಬುದನ್ನು ಮುಂಚಿತವಾಗಿಯೇ ಬರೆದಿಡುವ ಹಕ್ಕನ್ನು ಪ್ರತಿಯೊಬ್ಬ ಪ್ರೌಢನಿಗೂ ಕೊಟ್ಟಿದೆ. 1845ರಿಂದ 2017ರ ವರೆಗಿನ ದಾರಿಯು ಸಣ್ಣದಲ್ಲ. ಕಾನೂನು ನಡೆದಷ್ಟು ದೂರ ನಮ್ಮ ಕಚೇರಿಗಳ ಮಾತು ನಡೆದಿಲ್ಲವೆಂಬುದೇ ನಮ್ಮ ಖೇದ.

ಮೊದಲ ಭೇಟಿಯ ತೀರ್ಮಾನವು ಎಷ್ಟು ತಪ್ಪಾಗಬಹುದೆಂಬುದಕ್ಕೆ ಪರದೇಶದ ಉದಾಹರಣೆಯೊಂದುಂಟು. ಅಮೇರಿಕೆಯ ಎಡ್ ರಾಬರ್ಟ್ಸ್ ಎಂಬವರು ಹದಿನಾಲ್ಕನೆಯ ವಯಸ್ಸಿನಲ್ಲಿ, 1953ರಲ್ಲಿ, ಪೋಲಿಯೋ ತಗಲಿ ಕುತ್ತಿಗೆಯಿಂದ ಕೆಳಗೆ ಬಹುತೇಕ ಚಲನೆಯನ್ನು ಕಳೆದುಕೊಂಡರು. ಉಸಿರಾಟಕ್ಕೂ ಯಂತ್ರ ಬೇಕಾಗಿತ್ತು. ಅವರು ಕಾಲೇಜಿನ ವೆಚ್ಚಕ್ಕಾಗಿ ಕ್ಯಾಲಿಫೋರ್ನಿಯದ ಪುನರ್ವಸತಿ ಇಲಾಖೆಯನ್ನು ಕೇಳಿಕೊಂಡಾಗ, ಈತನು ಎಂದೂ ಉದ್ಯೋಗ ಮಾಡಲಾರನು, ಇವನಿಗೆ ವೆಚ್ಚ ಮಾಡಿ ಫಲವಿಲ್ಲವೆಂದು ಅಲ್ಲಿಯ ಸಲಹೆಗಾರರು ನಿರ್ಣಯಿಸಿದರು. ರಾಬರ್ಟ್ಸರು ಬಿಡಲಿಲ್ಲ, ಹೋರಾಡಿ ನೆರವು ಪಡೆದು 1962ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯವನ್ನು ಸೇರಿದರು, 1972ರಲ್ಲಿ ಸಂಗಡಿಗರೊಡನೆ ಅದೇ ಊರಿನಲ್ಲಿ ಸ್ವತಂತ್ರ ಜೀವನದ ಕೇಂದ್ರವನ್ನು ಸ್ಥಾಪಿಸಿದರು. 1975ರಲ್ಲಿ ರಾಜ್ಯಪಾಲರು ಅವರನ್ನು ಅದೇ ಪುನರ್ವಸತಿ ಇಲಾಖೆಯ ಮುಖ್ಯಾಧಿಕಾರಿಯಾಗಿ ನೇಮಿಸಿದರು! ಇಂಥ ಛಲ ಎಲ್ಲರಲ್ಲಿಯೂ ಇರಬೇಕೆಂದು ನಾವು ಅಪೇಕ್ಷಿಸಲಾಗದು. ಮೇಜಿನಿಂದ ಮರಳಿ ಮನೆಗೆ ಹೋಗಿ ಮತ್ತೆ ಬಾರದೆ ಉಳಿದವರು ಎಷ್ಟು ಜನರೋ!

ನಮ್ಮ ದೇಶದ ಕಾಯ್ದೆಯೂ ಹಿಂದುಳಿದಿಲ್ಲ. 1995ರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಎಣಿಸಿದ್ದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇಪ್ಪತ್ತೊಂದನ್ನು ಎಣಿಸಿದ್ದಾರೆ. ಶೇಕಡಾ 40 ಮತ್ತು ಅದಕ್ಕೂ ಹೆಚ್ಚು ವೈಕಲ್ಯವಿದ್ದವರಿಗೆ ಮೀಸಲಾತಿ ಮೊದಲಾದ ವಿಶೇಷ ಸೌಲಭ್ಯಗಳುಂಟು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವೈಕಲ್ಯವುಳ್ಳವರು 13 ಲಕ್ಷ 24 ಸಾವಿರ ಜನ. ಅದೂ ಹಳೆಯ ಕಾಯ್ದೆ ಜಾರಿಯಲ್ಲಿದ್ದ ಕಾಲದ ಎಣಿಕೆ. ವೈದ್ಯರು ಶೇಕಡಾ ಎಷ್ಟೆಂದು ಅಳೆದು ಬರೆಯುವದು ಅವಶ್ಯವೇ. ಅದಿಲ್ಲದೆ ಗುರುತಿನ ಚೀಟಿ ಇಲ್ಲ, ಮಾಸಾಶನವಿಲ್ಲ. ನಮ್ಮ ಆಕ್ಷೇಪವು ಅಳತೆಯ ಮೇಲಲ್ಲ. ಶೇಕಡಾವಾರು ಅಂಕಿಯು ಕಣ್ಣನ್ನು ಅಳೆಯುತ್ತದೆ, ಕಾಲನ್ನು ಅಳೆಯುತ್ತದೆ, ದಿನವನ್ನು ಅಳೆಯುವದಿಲ್ಲ. ಶೇಕಡಾ 60 ಎಂದು ಬರೆಯಿಸಿಕೊಂಡ ಇಬ್ಬರಲ್ಲಿ ಒಬ್ಬರ ಮನೆ ನವಲಗುಂದದ ಕರಿಮಣ್ಣಿನ ಹಳ್ಳಿಯಲ್ಲಿ, ಮಳೆ ಬಿದ್ದರೆ ಊರುಗೋಲು ಮಣ್ಣಿನಲ್ಲಿ ಇಳಿಯುವದು. ಇನ್ನೊಬ್ಬರ ಮನೆ ಹುಬ್ಬಳ್ಳಿಯ ಡಾಂಬರು ಬೀದಿಯ ಮಗ್ಗುಲಿಗೆ. ಅಂಕಿ ಒಂದೇ, ಬದುಕು ಬೇರೆ. 2018ರಿಂದ ಹುಬ್ಬಳ್ಳಿ-ಧಾರವಾಡಗಳ ನಡುವೆ ಓಡತೊಡಗಿದ ಚಿಗರಿ ಬಸ್ಸಿನ ನಿಲ್ದಾಣದ ನೆಲವೂ ಬಸ್ಸಿನ ನೆಲವೂ ಸಮನಾಗಿವೆ. ಗಾಲಿಕುರ್ಚಿಯವರು ನೆಟ್ಟಗೆ ಒಳಗೆ ಹೋಗಬಹುದು. ಆದರೆ ಮನೆಯಿಂದ ರಸ್ತೆಯ ನಡುವಿನ ಆ ನಿಲ್ದಾಣದ ತನಕ ಹೋಗುವ ಬಗೆ ಹೇಗೆಂಬುದನ್ನು ವೈದ್ಯರ ಪ್ರಮಾಣಪತ್ರ ಹೇಳದು. ಅದನ್ನು ಹೇಳಬಲ್ಲವರು ಒಬ್ಬರೇ, ಅವರನ್ನೇ ಕೇಳಬೇಕು. ಜಗದಾರೋಗ್ಯ ಸಂಸ್ಥೆಯು 2001ರಲ್ಲಿ ಒಪ್ಪಿಕೊಂಡ ವರ್ಗೀಕರಣವೂ ಇದನ್ನೇ ಹೇಳುತ್ತದೆ. ದೇಹದ ಕೊರತೆಯೊಂದೇ ವೈಕಲ್ಯವಲ್ಲ, ಸುತ್ತಲಿನ ಪರಿಸರವೂ ಅದರಲ್ಲಿ ಪಾಲುಗಾರನು.

ಹಾಗಾದರೆ ಮೊದಲ ಭೇಟಿಯನ್ನು ಹೇಗೆ ನಡೆಸಬೇಕು? ಈ ಕೆಲಸದಲ್ಲಿ ಇರುವ ನಮ್ಮ ಭಗಿನಿಯರ ಅನುಭವವನ್ನು ಕೇಳಿ, ನಮಗೆ ಸರಿಕಂಡದ್ದನ್ನು ಹೇಳುತ್ತೇವೆ. ಮೊದಲು ಕೂಡ್ರುವ ವಿಷಯ. ಗಾಲಿಕುರ್ಚಿಯಲ್ಲಿ ಕುಳಿತವರೊಡನೆ ನಿಂತು ಮಾತನಾಡಿದರೆ ಅವರು ಅರ್ಧ ತಾಸು ಕತ್ತೆತ್ತಿ ನೋಡಬೇಕಾಗುವದು; ಕುರ್ಚಿ ಎಳೆದುಕೊಂಡು ಸಮನಾಗಿ ಕೂಡ್ರಬೇಕು. ಕೇಳದೆ ಗಾಲಿಕುರ್ಚಿಗೆ ಕೈ ಹಚ್ಚಬಾರದು. ಕಣ್ಣು ಕಾಣದವರ ರಟ್ಟೆ ಹಿಡಿದು ಎಳೆಯಬಾರದು. ತೋಳು ನೀಡಿದರೆ ಅವರೇ ಹಿಡಿದುಕೊಳ್ಳುವರು. ಕೋಣೆಯಲ್ಲಿ ಯಾರು ಯಾರು ಇದ್ದಾರೆಂಬುದನ್ನು ಅವರಿಗೆ ಹೇಳಬೇಕು. ಕಿವಿ ಮಂದವಾದವರೆದುರಿಗೆ ಕಿಟಕಿಗೆ ಬೆನ್ನು ಮಾಡಿ ಕುಳಿತರೆ ತುಟಿಯ ಮೇಲೆ ನೆರಳು ಬೀಳುವದು. ಇವು ಸಣ್ಣ ಮಾತುಗಳೆಂದು ಯಾರಾದರೂ ಅನ್ನಬಹುದು. ಬಂದವರು ಮಾತ್ರ ಇವುಗಳನ್ನೇ ಮೊದಲು ನೋಡುವರು.

ತರುವಾಯ, ಕೇಳುವವರು ತಾವು ಯಾರು, ಏಕೆ ಕೇಳುತ್ತಾರೆ, ಬರೆದುಕೊಂಡದ್ದು ಯಾರ ಕೈಗೆ ಹೋಗುವದು, ಯಾವ ಪ್ರಶ್ನೆಗೆ ಉತ್ತರ ಕೊಡದೆ ಇರಬಹುದು ಎಂಬುದನ್ನು ಮೊದಲೇ ತಿಳಿಸಬೇಕು. ಉತ್ತರ ಕೊಡದಿದ್ದರೆ ಮಾಸಾಶನ ತಪ್ಪೀತೆಂಬ ಅಂಜಿಕೆಯಿಂದ ಜನರು ಹೇಳಬಾರದ್ದನ್ನೂ ಹೇಳಿಬಿಡುವರು. ಅನಂತರ ಪ್ರಶ್ನೆ. ನಮ್ಮ ಮತದಲ್ಲಿ ಮೊದಲ ಪ್ರಶ್ನೆಯು, ನಿಮಗೆ ಏನು ಬೇಕಾಗಿದೆ, ಯಾತಕ್ಕಾಗಿ ಇಷ್ಟು ದೂರ ಬಂದಿರಿ ಎಂಬುದೇ. ಯೆರಿಕೋವಿನ ದಾರಿಯಲ್ಲಿ ಕುರುಡನಾದ ಬಾರ್ತಿಮಾಯನು ಕೂಗಿಕೊಂಡಾಗ ಅವನ ಕೊರತೆ ಏನೆಂಬುದು ನೆರೆದವರಿಗೆಲ್ಲ ಕಾಣುತ್ತಿತ್ತು. ಆದರೂ ಅವನನ್ನು ಹತ್ತಿರಕ್ಕೆ ಕರೆಯಿಸಿ, ಏನು ಮಾಡಬೇಕೆಂದು ಬಯಸುತ್ತೀ ಎಂದು ಅವನನ್ನೇ ಕೇಳಲಾಯಿತು. ಸುಮ್ಮನಿರೆಂದು ಅವನನ್ನು ಗದರಿಸುತ್ತಿದ್ದ ಜನರು ಆಗ ಬದಿಗೆ ಸರಿಯಬೇಕಾಯಿತು. ಆ ಮೇಲೆ ಅವರ ದಿನದ ವಿಷಯ ಕೇಳಬೇಕು: ಮುಂಜಾನೆ ಎದ್ದಲ್ಲಿಂದ ರಾತ್ರಿ ಮಲಗುವವರೆಗೆ ಯಾವದನ್ನು ತಾವೇ ಮಾಡಿಕೊಳ್ಳುವರು, ಯಾವದಕ್ಕೆ ಯಾರು ನೆರವಾಗುವರು, ಯಾವದು ಸೇರುವದು, ಯಾವದು ಬೇಸರ. ಹೀಗೆ ಕೇಳಿದಾಗ ಹೊಲಿಗೆ ಬರುವದು, ಲೆಕ್ಕ ಬರುವದು, ಮೊಬಾಯಿಲ್ ರಿಪೇರಿ ಬರುವದು ಹೊರಗೆ ಬೀಳುವದು. ಏನು ಬರುವದಿಲ್ಲ ಎಂಬ ಪಟ್ಟಿಯಿಂದ ಆರಂಭಿಸಿದರೆ ಇವು ಎಂದೂ ಹೊರಗೆ ಬೀಳವು.

ನಮ್ಮ ಪ್ರಾಂತದಲ್ಲಿ ಇದಕ್ಕೆ ದೊಡ್ಡ ನಿದರ್ಶನವಿದೆ. 1997ರ ವರೆಗೆ ಧಾರವಾಡ ಜಿಲ್ಲೆಯದೇ ಆಗಿದ್ದ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಿದ ಪಂಚಾಕ್ಷರ ಗವಾಯಿಗಳು (1892-1944) ಸ್ವತಃ ಅಂಧರು; ಅವರ ತರುವಾಯ ಅದನ್ನು ಬೆಳೆಸಿದ ಪುಟ್ಟರಾಜ ಗವಾಯಿಗಳೂ (1914-2010) ಅಂಧರು. ಕಣ್ಣಿಲ್ಲದ ಬಡ ಮಕ್ಕಳು ಅಲ್ಲಿ ಅನ್ನವನ್ನೂ ಸಂಗೀತವನ್ನೂ ಪಡೆದರು. ಆ ಮಕ್ಕಳಲ್ಲಿ ನೋಡತಕ್ಕದ್ದು ಕಂಠವೂ ಕಿವಿಯೂ ಎಂಬುದು ಅಲ್ಲಿಯ ಗುರುಗಳಿಗೆ ತಮ್ಮ ಬಾಳಿನಿಂದಲೇ ತಿಳಿದಿತ್ತು. ಆದರೆ ಅಂಧರೆಲ್ಲರೂ ಗವಾಯಿಗಳಾಗಬೇಕೆಂದು ತಿಳಿಯುವದೂ ಇನ್ನೊಂದು ಬಗೆಯ ಅನ್ಯಾಯವೇ ಸರಿ. ಹಾಡು ಬಾರದ, ಹಾಡುವ ಇಚ್ಛೆಯೂ ಇಲ್ಲದ, ಬ್ಯಾಂಕಿನ ಪರೀಕ್ಷೆಗೆ ಕೂಡ್ರಬೇಕೆನ್ನುವ ಅಂಧ ಹುಡುಗಿಯರೂ ಇದ್ದಾರೆ. ಅದನ್ನು ಅವರ ಬಾಯಿಂದಲೇ ಕೇಳಬೇಕು.

ಮಾತು ತಡವರಿಸುವವರೊಡನೆ ಭೇಟಿ ನಡೆಸುವವರಿಗೆ ಬೇಕಾದದ್ದು ತಾಳ್ಮೆಯೊಂದೇ. ಮೆದುಳಿನ ಪಾರ್ಶ್ವವಾಯುವಿನಿಂದ ನಾಲಿಗೆ ಹೊರಳದವರು ಒಂದು ವಾಕ್ಯವನ್ನು ಮುಗಿಸಲು ಒಂದು ನಿಮಿಷ ಹಿಡಿಯಬಹುದು. ನಡುವೆ ಬಾಯಿ ಹಾಕಿ ಆ ವಾಕ್ಯವನ್ನು ನಾವೇ ಪೂರ್ಣ ಮಾಡಿದರೆ ಅದು ನಮ್ಮ ವಾಕ್ಯವಾಗುವದು. ತಿಳಿಯದಿದ್ದರೆ ತಿಳಿಯಲಿಲ್ಲವೆಂದು ಹೇಳಿ ಮತ್ತೆ ಕೇಳಬೇಕು, ತಿಳಿದಂತೆ ತಲೆಯಾಡಿಸಬಾರದು. ಕಿವುಡರ ಭೇಟಿಯಲ್ಲಿ ಸಂಜ್ಞೆಯ ಭಾಷೆ ಬಲ್ಲ ದುಭಾಷಿಯು ಬೇಕು. ಭಾರತೀಯ ಸಂಜ್ಞಾಭಾಷೆಗಾಗಿ ದೆಹಲಿಯಲ್ಲಿ 2015ರಲ್ಲಿ ರಾಷ್ಟ್ರೀಯ ಕೇಂದ್ರವೇ ಸ್ಥಾಪಿತವಾಗಿದೆ. ಎಲ್ಲ ಕಚೇರಿಗಳಲ್ಲಿಯೂ ದುಭಾಷಿಯನ್ನು ಇಡುವದು ಆಗದ ಮಾತು. ಆದರೆ ಕಿವುಡ ಮಕ್ಕಳ ಶಾಲೆಯ ಶಿಕ್ಷಕರೊಬ್ಬರನ್ನು ಗೊತ್ತಾದ ದಿನ ಬರಹೇಳಬಹುದು, ಇಲ್ಲವೆ ದೂರವಾಣಿಯ ಪರದೆಯ ಮೇಲೆ ಕರೆಯಬಹುದು. ಮನೆಯವರೇ ದುಭಾಷಿಗಳಾದರೆ ಆಗುವದು ಬೇರೆ. ತಂಗಿಯು ಐದು ನಿಮಿಷ ಕೈಯಾಡಿಸಿ ಹೇಳಿದ್ದನ್ನು ಅಣ್ಣನು, "ಏನಿಲ್ಲರಿ, ಪಗಾರ ಕೇಳಾಕತ್ತಾಳ" ಎಂದು ಒಂದೇ ಮಾತಿನಲ್ಲಿ ಮುಗಿಸುವನು.

ಬುದ್ಧಿಯ ಬೆಳವಣಿಗೆ ಮಂದವಾದವರೊಡನೆ ಮಾತನಾಡುವದು ಇದಕ್ಕೂ ನಾಜೂಕಿನ ಕೆಲಸ. ಜನ್ಮವಿಡೀ ಗದರಿಕೆ ತಿಂದವರು ಪ್ರಶ್ನೆ ಏನೇ ಇರಲಿ "ಹೂಂ" ಎನ್ನುವದನ್ನು ಕಲಿತಿರುವರು. "ಹೂಂ" ಎಂದರೆ ಎಲ್ಲರೂ ಸಂತೋಷಪಡುವರಲ್ಲವೇ! ಆದ್ದರಿಂದ ಹೌದು-ಅಲ್ಲಗಳ ಪ್ರಶ್ನೆಯನ್ನು ಬಿಟ್ಟು, ಮನೆಯಲ್ಲಿ ಇರುವದು ಸೇರುವದೋ, ಕೆಲಸಕ್ಕೆ ಹೋಗುವದು ಸೇರುವದೋ ಎಂದು ಎರಡನ್ನು ಮುಂದಿಟ್ಟು ಕೇಳಬೇಕು. ಸ್ವಲ್ಪ ಹೊತ್ತಿನ ಮೇಲೆ ಅದನ್ನೇ ಹಿಂದುಮುಂದಾಗಿ ಕೇಳಿ ನೋಡಬೇಕು. ಚಿತ್ರಗಳಿಂದಲೂ ಬಹಳ ಉಪಯೋಗವುಂಟು.

ಹೆಣ್ಣುಮಕ್ಕಳ ವಿಷಯದಲ್ಲಿ ನಾವು ಇನ್ನೂ ಸ್ಪಷ್ಟವಾಗಿ ಹೇಳಬೇಕಾಗಿದೆ. ಭೇಟಿಯ ಒಂದು ಭಾಗವಾದರೂ ಆಕೆಯೊಬ್ಬಳೊಡನೆಯೇ, ಹೆಂಗಸೊಬ್ಬರ ಎದುರಿಗೆ, ಬಾಗಿಲು ಮುಂದೆ ಮಾಡಿಕೊಂಡು ನಡೆಯತಕ್ಕದ್ದು. ಸ್ನಾನ, ಮುಟ್ಟು, ರಾತ್ರಿ ಎದ್ದು ಹೊರಗೆ ಹೋಗುವದು, ಮನೆಯಲ್ಲಿ ಯಾರಾದರೂ ಕೈ ಮಾಡುವರೋ ಎಂಬುದು, ಮದುವೆಯಾಗುವ ಮನಸ್ಸು, ಇವುಗಳನ್ನು ಅಣ್ಣನ ಮುಂದೆಯಾಗಲಿ ಮಾವನ ಮುಂದೆಯಾಗಲಿ ಯಾವ ಹೆಂಗಸೂ ಹೇಳಳು. ಮಾಸಾಶನದ ಪಾಸಬುಕ್ಕು ಯಾರ ಹತ್ತಿರ ಇರುವದು ಎಂಬ ಒಂದು ಸಾದಾ ಪ್ರಶ್ನೆಯಿಂದಲೂ ಬಹಳಷ್ಟು ತಿಳಿಯುವದು. ದೂರುವ ಧಾಟಿಯಿಂದ ಮಾತ್ರ ಅದನ್ನು ಕೇಳಬಾರದು.

ಇಲ್ಲಿ ಪಾಲಕರು ಅಸಮಾಧಾನಪಡಬಹುದು. ಇಪ್ಪತ್ತು ವರುಷ ಉಣ್ಣಿಸಿ ಉಡಿಸಿ, ರಾತ್ರಿ ನಿದ್ದೆಗೆಟ್ಟು ಸಾಕಿದ ತಾಯಿಗಿಂತ ಹೆಚ್ಚು ಬಲ್ಲವರು ಯಾರು ಎಂದು ಅವರು ಕೇಳಿದರೆ, ಯಾರೂ ಇಲ್ಲವೆಂದೇ ನಾವು ಹೇಳುವೆವು. ತಾಯಿತಂದೆಗಳ ಮಾತನ್ನು ಕೇಳಬೇಕು, ಪೂರ್ಣವಾಗಿ ಕೇಳಬೇಕು, ಬೇರೆಯಾಗಿಯೂ ಕೇಳಬೇಕು. ಆದರೆ ಎರಡನೆಯದಾಗಿ ಕೇಳಬೇಕು. ಮೂರು ವರುಷದ ಕೂಸು ಉತ್ತರ ಕೊಡದು, ನಿಜ. ಆಗ ತಾಯಿಯೇ ಅದರ ಬಾಯಿ. ಹಾಗಿದ್ದರೂ ಮೊದಲು ಕೂಸಿನ ಹೆಸರು ಹಿಡಿದು ಕರೆದು ಅದರೊಡನೆ ನಕ್ಕು ಮಾತನಾಡಿದ ದಾದಿಯನ್ನು ಆ ತಾಯಿ ಮರೆಯಳು. ಏಳೆಂಟು ವರುಷದ ಮಗುವಾದರೆ ತನಗೆ ಎಲ್ಲಿ ನೋವು, ಯಾವ ಶಾಲೆ ಬೇಕು ಎಂಬುದನ್ನು ತಾನೇ ಹೇಳಬಲ್ಲದು. ಪಾಲಕರ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಇರುತ್ತದೆ, "ನಾವು ಹೋದ ಮ್ಯಾಲ ಇಕಿಗೆ ಯಾರು?" ಎಂಬುದು. ಇದಕ್ಕೆ ಉತ್ತರವಾಗಿ 1999ರ ರಾಷ್ಟ್ರೀಯ ನ್ಯಾಸದ ಕಾಯ್ದೆಯಿದೆ. ಆಟಿಸಂ, ಮೆದುಳಿನ ಪಾರ್ಶ್ವವಾಯು, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯ ಉಳ್ಳವರಿಗೆ ಜಿಲ್ಲೆಯ ಸ್ಥಾನಿಕ ಸಮಿತಿಯ ಮುಖಾಂತರ ಪೋಷಕರನ್ನು ನೇಮಿಸಿಕೊಳ್ಳಬಹುದು. 2016ರ ಕಾಯ್ದೆಯು ಇದಕ್ಕೂ ಒಂದು ಹೆಜ್ಜೆ ಮುಂದೆ ಹೋಗಿ, ಪೋಷಕರು ಆ ವ್ಯಕ್ತಿಯೊಡನೆ ಕೂಡಿಯೇ ನಿರ್ಧಾರ ಮಾಡತಕ್ಕ ಮಿತ ಪೋಷಕತ್ವವನ್ನು ಹೇಳಿದೆ. ಈ ಮಾಹಿತಿಯನ್ನು ಪಾಲಕರಿಗೆ ಸಾವಕಾಶವಾಗಿ ಕೊಡುವದು ಮೊದಲ ಭೇಟಿ ನಡೆಸುವವರ ಕರ್ತವ್ಯವೇ. ಮಗಳು ಎದುರಿಗೆ ಕುಳಿತಿರುವಾಗ ಅವಳ ಮುಂದಿನ ಅನಾಥಸ್ಥಿತಿಯನ್ನು ಗಟ್ಟಿಯಾಗಿ ಚರ್ಚಿಸುವದು ಮಾತ್ರ ಕ್ರೂರವೆಂದು ನಾವು ಭಾವಿಸುತ್ತೇವೆ.

ಇನ್ನೊಂದು ಆಕ್ಷೇಪವು ಕೆಲಸ ಮಾಡುವವರಿಂದಲೇ ಬರುವದು, ಮತ್ತು ಅದರಲ್ಲಿ ಹುರುಳುಂಟು. ಶಿಬಿರದ ದಿನ ಅಳ್ನಾವರದಿಂದ, ಕಲಘಟಗಿಯಿಂದ, ಕುಂದಗೋಳದಿಂದ ಜನರು ಒಂದೇ ಸವನೆ ಬರುತ್ತಾರೆ. ಬಾಗಿಲಲ್ಲಿ ಸರತಿ ನಿಂತಿರುವಾಗ ಒಬ್ಬೊಬ್ಬರಿಗೆ ಅರ್ಧ ತಾಸು ಕೊಟ್ಟರೆ ಕೊನೆಯವರ ಗತಿ ಏನು? ಅವರಾದರೂ ಒಂದು ದಿನದ ಕೂಲಿ ಬಿಟ್ಟು ಬಂದವರೇ. ಇದನ್ನು ನಾವು ಒಪ್ಪುತ್ತೇವೆ. ಆದರೆ ಮುಖ ನೋಡಿ "ನೀವು" ಎನ್ನಲು "ಈಕೆ" ಎನ್ನುವದಕ್ಕಿಂತ ಹೆಚ್ಚು ಹೊತ್ತು ಹಿಡಿಯದು. ಬೇಡಾದ ಸಾಯಿಕಲ್ಲು ಮಂಜೂರಾಗಿ ಬಂದು, ಹಿತ್ತಲಲ್ಲಿ ತುಕ್ಕು ಹಿಡಿದು, ಬಸ್ಸಿನ ಪಾಸಿಗೆಂದು ಅದೇ ಮನುಷ್ಯರು ಮತ್ತೆರಡು ಸಲ ಬರುವದಾದರೆ ಕಚೇರಿಯ ಸಮಯ ಉಳಿದದ್ದೆಲ್ಲಿ? ಶಿಬಿರದಲ್ಲಿ ಅಂಗಾಂಗಗಳ ಪರೀಕ್ಷೆ ಮುಗಿಸಿ, ಸಾವಕಾಶದ ಮಾತನ್ನು ಊರಿನಲ್ಲಿಯೇ ನಡೆಸುವ ದಾರಿಯೂ ಇದೆ. ನಮ್ಮ ರಾಜ್ಯದ ಗ್ರಾಮಪಂಚಾಯತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುವರು. ಅಂಗವೈಕಲ್ಯವುಳ್ಳವರನ್ನೇ ಆ ಕೆಲಸಕ್ಕೆ ಆರಿಸುವದು ಈ ಯೋಜನೆಯ ಅತ್ಯಂತ ಸೊಗಸಾದ ಅಂಶ. ತಾವೇ ಮೇಜಿನ ಈಚೆಗೆ ಕುಳಿತು ಬಂದವರು ಮನೆಯ ಕಟ್ಟೆಯ ಮೇಲೆ ಕುಳಿತು ಕೇಳಿದರೆ, ಪಾವಟಿಗೆಗಳು ಎಷ್ಟೆಂಬುದು ಕೇಳದೆಯೂ ಕಾಣುವದು. ಅವರಿಗೆ ಒಳ್ಳೆಯ ತರಬೇತಿಯನ್ನೂ ಹೊಟ್ಟೆ ತುಂಬುವಷ್ಟು ಗೌರವಧನವನ್ನೂ ಕೊಡುವದು ಸರಕಾರದ ಕೆಲಸ.

ಕೊಡಲಾಗದ್ದನ್ನು ಕೊಡುವೆನೆಂದು ಹೇಳಬಾರದು. "ನೋಡೋಣ, ಆಗತದ" ಎಂಬ ಮಾತನ್ನು ನಂಬಿ ತಿಂಗಳುಗಟ್ಟಲೆ ಕಾಯುವವರಿದ್ದಾರೆ. ಇಂಥದು ನಮ್ಮಲ್ಲಿಲ್ಲ, ಇಂಥಲ್ಲಿ ಕೇಳಿರಿ ಎಂದು ಸ್ಪಷ್ಟವಾಗಿ ಹೇಳುವದೇ ಮರ್ಯಾದೆ. ಬರೆದುಕೊಂಡದ್ದನ್ನು ಏಳುವ ಮುಂಚೆ ಅವರಿಗೆ ಓದಿ ಹೇಳಬೇಕು. ಅವರ ಬೇಡಿಕೆಯನ್ನು ಅವರು ಆಡಿದ ಶಬ್ದಗಳಲ್ಲಿಯೇ ಬರೆದಿರಬೇಕು. ತಪ್ಪಿದ್ದರೆ ಅಲ್ಲಿಯೇ ತಿದ್ದಿ, ಒಂದು ಪ್ರತಿಯನ್ನು ಅವರ ಕೈಯಲ್ಲಿ ಕೊಟ್ಟು, ಮುಂದೆ ಯಾವ ತಾರೀಖಿಗೆ ಯಾರನ್ನು ಕಾಣಬೇಕೆಂಬುದನ್ನು ಅದರ ಮೇಲೆ ಬರೆಯಬೇಕು. ಸಹಿ ಬಲ್ಲವರಿಂದ ಸಹಿಯನ್ನೇ ಪಡೆಯಬೇಕು.

ಶಾಲೆಗಳಿಗೂ ಈ ಮಾತು ಅನ್ವಯಿಸುತ್ತದೆ. ಆರರಿಂದ ಹದಿನೆಂಟು ವರುಷದೊಳಗಿನ, ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ ಮಗುವಿಗೆ ನೆರೆಯ ಶಾಲೆಯಲ್ಲಿಯಾಗಲಿ, ತಾನು ಆರಿಸಿಕೊಂಡ ವಿಶೇಷ ಶಾಲೆಯಲ್ಲಿಯಾಗಲಿ ಉಚಿತವಾಗಿ ಕಲಿಯುವ ಹಕ್ಕನ್ನು 2016ರ ಕಾಯ್ದೆಯ 31ನೆಯ ಕಲಮು ಕೊಟ್ಟಿದೆ. ಜೂನ ತಿಂಗಳಲ್ಲಿ ಕಿವಿಗೆ ಯಂತ್ರ ಹಾಕಿಕೊಂಡ ಹುಡುಗಿಯೊಬ್ಬಳು ತಂದೆಯ ಕೈ ಹಿಡಿದುಕೊಂಡು ಮುಖ್ಯೋಪಾಧ್ಯಾಯಿನಿಯವರ ಕೋಣೆಗೆ ಬಂದರೆ, ಅದೂ ಒಂದು ಮೊದಲ ಭೇಟಿಯೇ. ಯಾವ ಸಾಲಿನಲ್ಲಿ ಕುಳಿತರೆ ಚೆನ್ನಾಗಿ ಕೇಳಿಸುವದು, ಯಾವ ಕಿವಿಯ ಕಡೆಗೆ ನಿಂತು ಮಾತನಾಡಬೇಕು, ಗೆಳತಿಯರಿಗೆ ಯಂತ್ರದ ವಿಷಯವನ್ನು ತಾನೇ ಹೇಳುವಳೋ, ಶಿಕ್ಷಕಿಯರು ಹೇಳಬೇಕೋ ಎಂಬುದನ್ನು ತಂದೆಗಿಂತ ಮುಂಚೆ ಆ ಹುಡುಗಿಯನ್ನೇ ಕೇಳಿ, ಅವಳು ಹೇಳಿದ್ದನ್ನು ಪ್ರವೇಶ ಪತ್ರದಲ್ಲಿ ಬರೆದುಕೊಳ್ಳಬೇಕು. ಅದಕ್ಕೆ ಪತ್ರದಲ್ಲಿ ಈಗ ಜಾಗವಿಲ್ಲದಿದ್ದರೆ, ಮುಂದಿನ ವರುಷದ ಪತ್ರಗಳನ್ನು ಅಚ್ಚು ಹಾಕಿಸುವಾಗ ಎರಡು ಸಾಲು ಸೇರಿಸಬಹುದು.